ಅಮ್ಮನ ಕತ್ತಿನ ಕೆಂಪು

ನಮ್ಮ ಕಡೆಯವರಿಗೆ ಕೊಡೆ ಎಂದರೆ ಮಳೆಗಾಲದ ಸಾಮಾನು. ದೀಪಾವಳಿ ಕಳೆದ ಮೇಲೆ ಒಣಗಿಸಿ, ಮಡಿಸಿ ಅಟ್ಟಕ್ಕೆ ಹಾಕಿದರೆ ಮತ್ತೆ ನೆನಪಾಗುವುದು ಜೂನ್ ತಿಂಗಳಲ್ಲೇ. ಹೋದ ಮೇ ತಿಂಗಳಲ್ಲಿ ಅಮ್ಮನನ್ನು ಹಿನ್ನೀರಿನ ಬಯಲಿಗೆ ಕರೆದುಕೊಂಡು ಹೋಗುವಾಗ ನೀರಿನ ಬಾಟಲಿ, ಅವಳ ಮಾತ್ರೆ, ಡಬ್ಬಿ ತುಂಬಾ ಅವಲಕ್ಕಿ, ಎಲ್ಲ ಇಟ್ಟುಕೊಂಡೆ. ಕೊಡೆ ತಲೆಗೆ ಹೊಳೆಯಲೇ ಇಲ್ಲ. ಐವತ್ತು ದಾಟಿದ ಹೆಂಗಸಿನ ಬುದ್ಧಿ ಇಷ್ಟು!

ಅಮ್ಮ ಹುಟ್ಟಿದ ಮನೆ ಹೊನ್ನೆಮರಡಿನ ಆಚೆ, ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಇದೆ. ಊರು ಮುಳುಗಿದಾಗ ಅವಳು ಹನ್ನೆರಡು ವರ್ಷದ ಹುಡುಗಿ. ಎರಡು ವರ್ಷದಿಂದ ಅವಳಿಗೆ ಮರೆವು. ಬೆಳಿಗ್ಗೆ ತಿಂದ ತಿಂಡಿ ನೆನಪಿರುವುದಿಲ್ಲ. ಆ ಮನೆ ಮಾತ್ರ ಬಾಗಿಲ ಚಿಲಕದ ಸಮೇತ ನೆನಪಿದೆ. "ನಮ್ಮನೆಗೆ ಒಂದ್ಸಲ ಕರ್ಕಂಡು ಹೋಗೇ" ಎಂದು ದಿನಾ ಪೀಡಿಸುತ್ತಿದ್ದಳು. ನೀರು ತೀರಾ ಕೆಳಗಿಳಿದಿದೆ ಎಂದು ಕೇಳಿ ಸಾಗರದಿಂದ ಕಾರು ಮಾಡಿಕೊಂಡು ಹೊರಟೆ.

ಬಯಲಿನ ತುಂಬ ಬಿರಿದ ಮಣ್ಣು, ಅಲ್ಲಲ್ಲಿ ಕಪ್ಪಾದ ಮರದ ಬೊಡ್ಡೆಗಳು. ಅಂಥದ್ದೊಂದು ಬೊಡ್ಡೆಯ ಹತ್ತಿರ ಅಮ್ಮ ನಿಂತುಬಿಟ್ಟಳು. "ಇದು ನಮ್ಮ ಹಿತ್ಲ ಹಲಸಿನ ಮರ" ಎಂದು ಬುಡದಲ್ಲಿ ಕುಳಿತಳು. ನನಗೆ ನಂಬಿಕೆ ಬರಲಿಲ್ಲ. ಆದರೂ ಫೋನಿನಲ್ಲಿ ಒಂದು ಫೋಟೊ ತೆಗೆದೆ. ಅಷ್ಟರಲ್ಲಿ ಮೀನು ಹಿಡಿಯುವವನೊಬ್ಬ, ದಿಬ್ಬದ ಆಚೆ ಯಾವುದೋ ಮನೆಯ ಅಡಿಪಾಯ ಕಾಣುತ್ತದೆ ಎಂದ. "ನೋಡ್ಕಂಡು ಬರ್ತೀನಿ, ಏಳ್ಬೇಡ" ಎಂದು ಅವಳಿಗೆ ಹೇಳಿ ಹೋದೆ. ಎರಡು ತಾಸು ಅಲೆದರೂ ಅಡಿಪಾಯ ಸಿಗಲಿಲ್ಲ. ನಡುಮಧ್ಯಾಹ್ನ ತಿರುಗಿ ಬಂದರೆ ಅಮ್ಮ ತಲೆಯ ಸೆರಗನ್ನೂ ಇಳಿಸಿ ಕೂತಿದ್ದಾಳೆ.

"ಬಿಸ್ಲಲ್ಲಿ ಸೆರಗು ಎಂತಕ್ಕೆ ತೆಗ್ದೆ?" ಎಂದು ಕೂಗಿದೆ.

ಅವಳು ತಲೆಯೆತ್ತಿ ಬರೀ ಆಕಾಶ ನೋಡಿದಳು. "ಬಿಸ್ಲೆಲ್ಲಿ ಬಂತು ಮಾರಾಯ್ತಿ? ಮರದ ಬುಡದಲ್ಲೇ ಕೂತಿದೀನಲ್ಲ."

ಸಂಜೆಯೊಳಗೆ ಕತ್ತು, ಬೆನ್ನಿನ ಮೇಲ್ಭಾಗ, ತೋಳುಗಳಲ್ಲಿ ಬೊಬ್ಬೆ ಎದ್ದವು. ಉರಿ ಇಳಿಯಲಿ ಎಂದು ಕೊಬ್ಬರಿ ಎಣ್ಣೆ ಸುರಿದು ಹಚ್ಚಿದೆ. ಮರುದಿನ ಚರ್ಮದ ಡಾಕ್ಟರಿಂದ ಅದಕ್ಕೂ ಬೈಸಿಕೊಂಡೆ. ವಾರ ಕಳೆಯುವಷ್ಟರಲ್ಲಿ ಬೊಬ್ಬೆ ಒಣಗಿ ಸಿಪ್ಪೆ ಎದ್ದಿತು. ಕೆಂಪು ಮಾತ್ರ ಹೋಗಲಿಲ್ಲ. ರವಿಕೆಯ ಅಂಚು ತಾಗಿದರೆ ಉರಿ, ಸ್ನಾನದ ನೀರು ಬಿದ್ದರೆ ಉರಿ, ಬೆವರಿದರೆ ತುರಿಕೆ. "ವಯಸ್ಸಾದ ಚರ್ಮ, ನಿಧಾನ ಆಗ್ತದೆ. ಕೆರ್ಕೊಳ್ಳೋಕೆ ಬಿಡ್ಬೇಡಿ" ಎಂದರು ಡಾಕ್ಟರು. ಅಮ್ಮನ ಉಗುರು ಕತ್ತರಿಸಿದೆ. ನನ್ನದೊಂದು ಹಳೆಯ ನೈಟಿಯ ಕೊರಳು ಅಗಲ ಮಾಡಿ ತೊಡಿಸಿದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಸಂಜೆ ಮುಲಾಮು ಹಚ್ಚಲು ಕೂತಾಗಲೆಲ್ಲ ಅಮ್ಮ ಕೇಳುತ್ತಿದ್ದಳು, "ಇದೆಂತಕ್ಕೆ ಹಿಂಗೆ ಉರೀತದೆ?"

"ನಿಮ್ಮನೆಗೆ ಹೋಗಿದ್ವಲ್ಲ, ಬಿಸ್ಲು ಹೊಡೀತು."

"ಹೌದನೇ? ಹಲಸಿನ ಮರ ಇತ್ತಾ?"

"ಇತ್ತು."

ಕನ್ನಡಿಯಲ್ಲಿ ಕತ್ತು ನೋಡಿಕೊಂಡು, ಬೆರಳಿನಿಂದ ಮೆಲ್ಲಗೆ ಮುಟ್ಟಿ, ಆಮೇಲೆ ನಂಬುತ್ತಿದ್ದಳು. ಮುಖ ಅರಳುತ್ತಿತ್ತು. ಮರುದಿನ ಮತ್ತೆ ಅದೇ ಪ್ರಶ್ನೆ, ಅದೇ ಸಂತೋಷ. ಮನೆಗೆ ಕರೆದುಕೊಂಡು ಹೋಗು ಎನ್ನುವುದು ನಿಂತೇ ಹೋಯಿತು. ಮುಲಾಮು ಹಚ್ಚುತ್ತಾ, ಈ ಕೆಂಪು ಹೀಗೇ ಇದ್ದುಬಿಡಲಿ ಎಂದು ನನಗೆ ಅನ್ನಿಸಿದ್ದುಂಟು. ಹೆತ್ತವಳ ಉರಿ ಆರದಿರಲಿ ಎಂದು ಬಯಸಿದ ಮಗಳು ನಾನು.

ಆಷಾಢದಲ್ಲಿ ಕೆಂಪು ಕಂದಿತು. ಶ್ರಾವಣ ಬರುವಷ್ಟರಲ್ಲಿ ಬಯಲೆಲ್ಲ ಮತ್ತೆ ನೀರು. ಒಂದು ಸಂಜೆ ಅಭ್ಯಾಸಬಲದಿಂದ ಮುಲಾಮು ಹಿಡಿದು ಕೂತರೆ ಕತ್ತಿನಲ್ಲಿ ಹಚ್ಚಲು ಕೆಂಪೇ ಉಳಿದಿರಲಿಲ್ಲ. ಅಮ್ಮ ನನ್ನ ಕೈ ಹಿಡಿದುಕೊಂಡಳು.

"ನಮ್ಮನೆಗೆ ಒಂದ್ಸಲ ಕರ್ಕಂಡು ಹೋಗೇ. ಇಷ್ಟು ವರ್ಷಾತು, ಯಾರೂ ಕರ್ಕಂಡು ಹೋಗ್ಲಿಲ್ಲ."

"ಹೋಗಿದ್ವಲ್ಲಮ್ಮ."

"ಸುಳ್ಳು ಹೇಳ್ಬೇಡ."

ಫೋನು ತೆಗೆದು ಅವತ್ತಿನ ಫೋಟೊ ತೋರಿಸಿದೆ. ಅಮ್ಮ ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಯಾರೇ ಈ ಮುದ್ಕಿ? ಪಾಪ, ಇಂಥಾ ಬಿಸ್ಲಲ್ಲಿ ಒಬ್ಳನ್ನೇ ಕೂರ್ಸಿ ಹೋಗಿದಾರಲ್ಲ" ಎಂದಳು.