ಮೂರನೇ ಕಲ್ಲು

ಬದನೆಕಾಯಿ ಸುಡುವಾಗ ಎರಡು ವಾಸನೆ ಬರುತ್ತವೆ. ಮೊದಲು ಸಿಪ್ಪೆ ಕರಕಾಗುವ ಕಮಟು. ಆಮೇಲೆ ಒಳಗಿನ ತಿರುಳು ಬೆಂದು, ಅದರ ನೀರು ಕೆಂಡದ ಮೇಲೆ ತೊಟ್ಟಿಕ್ಕಿದಾಗ ಏಳುವ ಒಂಥರಾ ಸಿಹಿ ಹೊಗೆ. ಗ್ಯಾಸಿನ ಮೇಲೆ ಸುಟ್ಟರೆ ಮೊದಲನೆಯದಷ್ಟೇ ಬರುತ್ತದೆ. ಎರಡನೆಯದಕ್ಕೆ ತೊಗರಿ ಕಟ್ಟಿಗೆಯ ಕೆಂಡ ಬೇಕು, ಸುತ್ತ ಬಯಲು ಬೇಕು. ಹೋದ ಚಳಿಗಾಲದಲ್ಲಿ ನಮ್ಮ ಶಾಲೆಯ ಶಿಕ್ಷಕರೆಲ್ಲ ಇಳಕಲ್ಲಿನಿಂದ ಬಾದಾಮಿಗೆ ಪ್ರವಾಸ ಹೋಗಿದ್ದೆವು. ಗುಹೆಗಳನ್ನು ಹತ್ತಿ ಇಳಿದು ಎಲ್ಲರಿಗೂ ಹಸಿವಾಗಿತ್ತು. ಊರಾಚೆ ಕೆಂಪು ಗುಡ್ಡದ ಬುಡದಲ್ಲಿ ಡೇರೆ ಹಾಕಿ ಪ್ರವಾಸಿಗರನ್ನು ಇಳಿಸಿಕೊಳ್ಳುವ ಜಾಗವೊಂದಿದೆ, ಅಲ್ಲಿ ಮಧ್ಯಾಹ್ನದ ಊಟಕ್ಕೆ ಹೇಳಿದ್ದರು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಇನ್ನೊಂದನ್ನು ನೆಲಕ್ಕೆ ಇಡುವಷ್ಟರಲ್ಲಿ ಆ ಎರಡನೆಯ ವಾಸನೆ ಬಂತು. ತಲೆಯೆತ್ತಿ ನೋಡಿದರೆ ಬನ್ನಿ ಮರ. ಅದರ ಹಿಂದೆ ಆನೆ ಮಲಗಿದಂತಿರುವ ಅದೇ ಬಂಡೆ. ಕಣ್ಣಿಗಿಂತ ಮೊದಲು ಮೂಗು ಗುರುತು ಹಿಡಿದಿತ್ತು. ಇದು ನಮ್ಮ ಆಯಿ ಒಲೆ ಹೂಡುತ್ತಿದ್ದ ಜಾಗ.

ನಮ್ಮದು ಹುನಗುಂದದ ಕಡೆಯ ಕುರಿಗಾರರ ಮನೆ. ಮನೆ ಎಂದರೆ ಗೋಡೆ, ಬಾಗಿಲು ಎಂದು ನೀವು ಅಂದುಕೊಂಡರೆ, ಅದೂ ಇತ್ತು, ಬೀರಪ್ಪನ ಗುಡಿಯ ಹಿಂದೆ. ಆದರೆ ದೀಪಾವಳಿ ಮುಗಿದ ಮೇಲೆ ಅದಕ್ಕೆ ಕೀಲಿ ಹಾಕಿ, ಕುದುರೆಯ ಮೇಲೆ ಬೋಗುಣಿ, ಹಂಚು, ಜೋಳದ ಹಿಟ್ಟಿನ ಚೀಲ, ಕಂಬಳಿ, ಒಂದೆರಡು ಕೋಳಿ ಹೇರಿಕೊಂಡು, ಕುರಿಗಳ ಹಿಂದೆ ಬಾದಾಮಿ ದಿಕ್ಕಿಗೆ ಹೊರಟರೆ, ನಮ್ಮ ಮನೆಯೂ ನಮ್ಮ ಜೊತೆಗೇ ನಡೆಯುತ್ತಿತ್ತು. ಎಲ್ಲಿ ಒಲೆ ಹೂಡಿದರೋ ಅಲ್ಲಿ ಅಡುಗೆಮನೆ. ರಾಶಿ ಮುಗಿದ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿದರೆ ಅವುಗಳ ಹಿಕ್ಕೆ ಆ ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಹೊಲದವರು ನಮಗೆ ಜೋಳ ಕೊಡುತ್ತಿದ್ದರು. ಈಗ ಹೀಗೆ ಬಯಲಿನಲ್ಲಿ ಮಲಗಿ, ಬಯಲಿನಲ್ಲಿ ಬೇಯಿಸಿ ತಿನ್ನುವುದಕ್ಕೆ ಕ್ಯಾಂಪಿಂಗ್ ಅನ್ನುತ್ತಾರೆ. ನಾವು ಮಾಡುತ್ತಿದ್ದಾಗ ಅದಕ್ಕೆ ಅಂಥ ಒಳ್ಳೆಯ ಹೆಸರಿರಲಿಲ್ಲ. ಊರ ಶಾಲೆಯಲ್ಲಿ ಹಾಜರಿ ಕರೆಯುವಾಗ ಮಾಸ್ತರರು ನನ್ನ ಹೆಸರು ಬಂದರೆ, "ಕುರಿ ಹಿಂದ ಹೋಗ್ಯಾಳ, ಬಿಡ್ರಿ ಆಕೀನ" ಅನ್ನುತ್ತಿದ್ದರಂತೆ.

ಆಯಿ ಎಂದರೆ ನಮ್ಮಪ್ಪನ ತಾಯಿ. ಕೈತುಂಬ ಹಚ್ಚೆ, ಹೊಗೆಗೆ ಯಾವಾಗಲೂ ಕಿರಿದಾದ ಕಣ್ಣು. ಅವಳು ಕಲ್ಲು ಆರಿಸುವುದನ್ನು ನೋಡಬೇಕಿತ್ತು. ಹಳ್ಳದೊಳಗಿನ ಕಲ್ಲು ಮುಟ್ಟುತ್ತಿರಲಿಲ್ಲ, ನೀರು ಕುಡಿದ ಕಲ್ಲು ಬೆಂಕಿಗೆ ಸಿಡಿಯುತ್ತದೆ. ಗುಡ್ಡದಿಂದ ಉರುಳಿಬಿದ್ದ ಕೆಂಪು ಕಲ್ಲನ್ನು ಒಂದಕ್ಕೊಂದು ಬಡಿದು, ಸಪ್ಪಳ ಕೇಳಿ, ಮೂರನ್ನು ಆರಿಸಿ ಗಾಳಿಗೆ ಒಲೆಯ ಬೆನ್ನು ಕೊಟ್ಟು ಹೂಡುತ್ತಿದ್ದಳು. ಹೊಗೆ ಅವಳ ಕಡೆಗೇ ಬರುತ್ತಿತ್ತು, ನಮ್ಮ ಕಡೆಗಲ್ಲ. ರೊಟ್ಟಿ ಬಡಿಯುವ ಸಪ್ಪಳ ಗುಡ್ಡಕ್ಕೆ ತಾಗಿ ತಿರುಗಿ ಬರುತ್ತಿತ್ತು. ಮೊದಲ ರೊಟ್ಟಿ ನಾಯಿಗೆ. ಅದು ಕುರಿ ಕಾದರೆ ನಮಗೆ ಊಟ, ಆದ್ದರಿಂದ ಅದರದೇ ಮೊದಲು. ಆಮೇಲೆ ಕೆಂಡದೊಳಗೆ ಹುಗಿದ ಬದನೆಕಾಯಿ ತೆಗೆದು, ಸಿಪ್ಪೆ ಸುಲಿದು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಬೋಗುಣಿಯಲ್ಲೇ ಹಿಸುಕುತ್ತಿದ್ದಳು. ಬಿಸಿ ರೊಟ್ಟಿಯ ಮೇಲೆ ಅದನ್ನಿಟ್ಟು, ಪಕ್ಕದಲ್ಲಿ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಹೊಲದಲ್ಲಿ ಅಲ್ಲೇ ಕಿತ್ತ ಹಕ್ಕರಿಕಿ ಸೊಪ್ಪು. ಒಮ್ಮೊಮ್ಮೆ ಜೋಳದ ನುಚ್ಚು, ಮಜ್ಜಿಗೆ. ಮಕ್ಕಳು ಅತ್ತರೆ ಬೆಣಚು ಕಲ್ಲೊಂದನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ಕುರಿಹಾಲಿನ ತಂಬಿಗೆಗೆ ಹಾಕುತ್ತಿದ್ದಳು. ಚುಂಯ್ ಅಂತ ಹಾಲು ಒಮ್ಮೆಲೆ ಉಕ್ಕಿ ಬರುತ್ತಿತ್ತು, ಅಳು ನಿಂತು ನಗು ಬರುತ್ತಿತ್ತು. ಆ ಹಾಲಿಗೆ ಕಲ್ಲಿನ, ಬೂದಿಯ ರುಚಿ. ಮಾಂಸ ಎಂದರೆ ಕುರಿಯೊಂದು ಸತ್ತ ದಿನ. ಅವತ್ತು ಬಾಡಿನ ವಾಸನೆ ಘಮ್ಮೆನ್ನುತ್ತಿತ್ತು, ಆದರೆ ಅಪ್ಪ ಮತ್ತೆ ಮತ್ತೆ ಉಳಿದ ಕುರಿ ಎಣಿಸುತ್ತಿದ್ದ. ನಾವು ಬಾಯಿ ಚಪ್ಪರಿಸಲೂ ಹೆದರುತ್ತಿದ್ದೆವು.

ಬನ್ನಿ ಮರದ ಆ ಹೊಲ ಅಲ್ಲಿಯ ಗೌಡರದು. ವರ್ಷವೂ ನಾವು ಅಲ್ಲಿ ಎಲ್ಲಕ್ಕಿಂತ ಹೆಚ್ಚು ದಿನ ಇಳಿಯುತ್ತಿದ್ದೆವು. ಗೌಡರು ತಮ್ಮ ಮಗ ಮಹಾಂತೇಶನ ಕೈ ಹಿಡಿದುಕೊಂಡು ಹೊತ್ತು ಮುಳುಗುವ ವೇಳೆಗೆ ಬರುತ್ತಿದ್ದರು. ಅವನು ನನಗಿಂತ ವರ್ಷವೋ ಎರಡು ವರ್ಷವೋ ಸಣ್ಣವನು. ಗೌಡರು ಕಂಬಳಿಯ ಮೇಲೆ ಕೂತು, "ಆಯಿ, ನಮ್ಮ ಮನ್ಯಾಗ ನಾಕು ಥರದ ಪಲ್ಯಾ ಮಾಡ್ತಾರ, ಒಂದೂ ಬಾಯಿಗೆ ಹತ್ತೂದಿಲ್ಲ ನೋಡು" ಅನ್ನುತ್ತಿದ್ದರು.

"ನಿಮ್ಮ ಮನ್ಯಾಗ ಹೊಗಿ ಇಲ್ಲಲ್ರಿ ಗೌಡ್ರ" ಅನ್ನುತ್ತಿದ್ದಳು ಆಯಿ. "ಹೊಗಿ ಕಟ್ಟಿ ಕಳಸ್ಲೇನು, ಒಯ್ತೀರೇನು?"

ಮಹಾಂತೇಶನಿಗೆ ತಿನ್ನುವ ಅವಸರ. ರೊಟ್ಟಿ ಹಂಚಿನ ಮೇಲಿರುವಾಗಲೇ ಕೈ ಚಾಚುತ್ತಿದ್ದ. "ತಡೀಯೋ ನನ ಅರಸಾ, ಕೈ ಸುಟ್ಗೊಂಡ್ರ ನಿಮ್ಮವ್ವ ನನ್ನ ಬೈತಾಳ" ಎಂದು ಆಯಿ ರೊಟ್ಟಿ ಮುರಿದು, ಊದಿ, ಅವನ ಕೈಗಿಡುತ್ತಿದ್ದಳು. ನನಗೆ ಅವಳು ಎಂದೂ ಊದಿ ಕೊಟ್ಟವಳಲ್ಲ. ಹೊಟ್ಟೆಕಿಚ್ಚಿನಿಂದ ಕೇಳಿದರೆ, "ಅಂವ ಈ ಹೊಲದಾಂವ. ನಾಳಿ ಅಂವ ದೊಡ್ಡಾಂವ ಆದ ಮ್ಯಾಲ ನಮ್ಮ ನೆನಪು ಇರಬೇಕಲ್ಲವಾ ಮಾಳಿ" ಅಂದಳು. ಅದು ಬರೀ ಪ್ರೀತಿ ಎಂದು ನಾನು ಅಂದುಕೊಂಡಿದ್ದೆ. ಅದು ಜಾಗ ಉಳಿಸಿಕೊಳ್ಳುವ ಹಾದಿಯೂ ಆಗಿತ್ತು ಎಂದು ತಿಳಿಯಲು ನಾನು ಡಿಗ್ರಿ ಮುಗಿಸಬೇಕಾಯಿತು. ನಮ್ಮ ಹೆಸರಿನಲ್ಲಿ ಅಲ್ಲಿ ಗೇಣು ನೆಲ ಇರಲಿಲ್ಲ. ಆ ಹುಡುಗನ ನಾಲಿಗೆಯ ಮೇಲೆ ಮಾತ್ರ ನಮಗೊಂದು ಜಾಗವಿತ್ತು.

ಹೊರಡುವ ದಿನ ಆಯಿ ಒಂದು ಕೆಲಸ ತಪ್ಪಿಸುತ್ತಿರಲಿಲ್ಲ. ಒಲೆಯ ಬೂದಿಯ ಮೇಲೆ ಚಿಟಿಕೆ ಹಿಟ್ಟು ಉದುರಿಸಿ, ಮೂರನೇ ಕಲ್ಲನ್ನು ಕಿತ್ತು, ಬನ್ನಿ ಮರದ ಬುಡದಲ್ಲಿ ಬೋರಲಾಗಿ ಮಲಗಿಸುತ್ತಿದ್ದಳು. ಯಾಕೆ ಎಂದು ಕೇಳಿದ್ದೆ. "ಉಣಿಸಿದ ಒಲಿ ಹಾಂಗ ಬಾಯಿ ತಕ್ಕೊಂಡು ಕುಂಡ್ರಬಾರದವಾ. ಹಸದು ಕೂಗತೈತಿ. ನಾವು ಇಲ್ಲದಾಗ ಅದಕ್ಕ ಯಾರು ಕೊಡ್ತಾರ?" ಮುಂದಿನ ವರ್ಷ ಬಂದಾಗ ಎರಡು ಕಲ್ಲು ನಿಂತಲ್ಲೇ ನಿಂತಿರುತ್ತಿದ್ದವು, ಮೂರನೆಯದು ಮರದ ಬುಡದಲ್ಲಿ ನಮ್ಮನ್ನು ಕಾಯುತ್ತ ಮಲಗಿರುತ್ತಿತ್ತು. ಅದನ್ನು ಎತ್ತಿದರೆ ಅಡಿಯಲ್ಲಿ ಇರುವೆ, ತಂಪು ಮಣ್ಣಿನ ವಾಸನೆ. ಊರ ಮನೆಯ ಕೀಲಿ ತೆಗೆದಾಗ ಆಗದ ಸಂತೋಷ ಆ ಕಲ್ಲು ಎತ್ತುವಾಗ ಆಗುತ್ತಿತ್ತು.

ಕೊನೆಯ ವರ್ಷ ಆಯಿಗೆ ಮೊಣಕಾಲು ನೋವು. ಕುದುರೆಯ ಮೇಲೆ ಸಾಮಾನಿನ ಜೊತೆ ಅವಳನ್ನೂ ಕೂರಿಸಿಕೊಂಡು ಬಂದಿದ್ದೆವು. ದಾರಿಯುದ್ದಕ್ಕೂ, "ಬನ್ನಿ ಗಿಡಕ್ಕ ಮುಟ್ಟಿದ್ರ ಸಾಕು, ಅಲ್ಲಿ ಇಳದು ಕಾಲು ಚಾಚ್ತೇನಿ" ಅನ್ನುತ್ತಿದ್ದಳು. ಮುಟ್ಟಿದಾಗ ಸಂಜೆಯಾಗಿತ್ತು. ಸಿಮೆಂಟಿನ ಕಂಬ, ಕಂಬಕ್ಕೆ ಮುಳ್ಳುತಂತಿ, ತಂತಿಯೊಳಗೆ ಸಾಲಾಗಿ ದಾಳಿಂಬೆ ಸಸಿ. ಬನ್ನಿ ಮರ ಒಳಗಿತ್ತು. ಗೌಡರು ತಂತಿಯ ಆಚೆ ನಿಂತು, "ಈ ವರ್ಷ ದಾಳಿಂಬ್ರಿ ಹಚ್ಚೀವಿ ಆಯಿ. ಕುರಿ ಬಾಯಿ ಹಾಕಿದ್ರ ಮುಗೀತು. ಚೀಲದ ಗೊಬ್ಬರ ಹಾಕ್ತೀವಿ ಈಗ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಂತೆಯಲ್ಲಿ ಸಿಕ್ಕವರಿಗೆ ಸುದ್ದಿ ಹೇಳುವ ಹಾಗೆ ಹೇಳಿದರು. ಅಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಆಯಿ ಕುದುರೆಯ ಮೇಲಿಂದಲೇ ಹೇಳಿದಳು, "ನನ್ನ ಕಲ್ಲು ಒಳಗೈತ್ರಿ ಗೌಡ್ರ."

ಗೌಡರು ನಕ್ಕರು. "ಬದಾಮ್ಯಾಗ ಕಲ್ಲಿಗೇನು ಬರಾನ?"

ರಸ್ತೆಯ ಬದಿಯಲ್ಲೇ ಒಲೆ ಹೂಡಿದೆವು. ಆಯಿಗೆ ಬಗ್ಗಲು ಆಗಲಿಲ್ಲ, ಅಪ್ಪ ಸಿಕ್ಕ ಕಲ್ಲು ತಂದ. ಹಳ್ಳದ ಕಲ್ಲು. ಬೆಂಕಿ ಏರುತ್ತಿದ್ದಂತೆ ಒಂದು ಫಟ್ಟನೆ ಸಿಡಿದು, ಚೂರು ಬೋಗುಣಿಯೊಳಗೆ ಬಿತ್ತು. ಆಯಿ ಚೂರು ತೆಗೆದು ಎಸೆದು ರೊಟ್ಟಿ ಬಡಿದಳು. ಅಷ್ಟರಲ್ಲಿ ಆ ಸಪ್ಪಳ ಕೇಳಿಯೋ, ಹೊಗೆ ನೋಡಿಯೋ, ಮಹಾಂತೇಶ ಓಡಿ ಬಂದು ತಂತಿ ಹಿಡಿದು ನಿಂತ. ಆಯಿ ನನ್ನ ಹೆಗಲು ಹಿಡಿದು ಎದ್ದಳು. ರೊಟ್ಟಿಯ ಮೇಲೆ ಬದನೆಕಾಯಿ ಇಟ್ಟು, ಮಡಚಿ, ಊದಿ, ತಂತಿಯ ಮೇಲಿಂದ ಅವನ ಕೈಗೆ ಕೊಟ್ಟಳು. ಅವಳ ಸೀರೆಯ ಸೆರಗು ಮುಳ್ಳಿಗೆ ಸಿಕ್ಕು ಪರ್ರನೆ ಹರಿಯಿತು. ಅವನು ಅಲ್ಲೇ ನಿಂತು ತಿಂದ. ಮಾರನೆಯ ಬೆಳಿಗ್ಗೆ ಹೊರಡುವಾಗ ನಾನೇ ಮೂರನೇ ಕಲ್ಲಿಗೆ ಕೈ ಹಾಕಿದೆ. "ಬಿಡು ಮಾಳಿ" ಅಂದಳು ಆಯಿ, ಒಲೆಯ ಕಡೆ ನೋಡದೆ. "ಕೂಗ್ಲಿ."

ಆ ಬೇಸಿಗೆ ಕಾಣುವ ಮೊದಲೇ ಆಯಿ ಹೋದಳು. ಒಂದಾದ ಮೇಲೊಂದು ಹೊಲಕ್ಕೆ ತಂತಿ ಬಂದು, ಅಪ್ಪ ಕುರಿ ಮಾರಿ ಕಲ್ಲಿನ ಗಣಿಗೆ ಕೂಲಿ ಹೋದ. ನನ್ನನ್ನು ಹಾಸ್ಟೆಲಿಗೆ ಹಾಕಿದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹಾಸ್ಟೆಲಿನ ನೀರುಸಾರು ಕುಡಿದು, ಕುರಿ ವಾಸನೆ ಬರುತ್ತದೆ ಅಂದವರ ಪಕ್ಕದಲ್ಲೇ ಹಟ ಹಿಡಿದು ಕೂತು ಓದಿದ್ದೇನೆ. ಡಿಗ್ರಿ ಮುಗಿದಾಗ ಊರಲ್ಲಿ ಸನ್ಮಾನ ಮಾಡಿದವರು ಭಾಷಣದಲ್ಲಿ, ಅಲೆಯುವುದು ನಿಂತಿದ್ದಕ್ಕೇ ಈ ಹುಡುಗಿ ಓದಿದಳು ಎಂದರು. ಕೇಳುವವರಿಗೆ ಚಂದ ಕಾಣುತ್ತದೆ ಅದು. ನಾನು ಓದಿದ್ದು ನನ್ನ ಹಟದಿಂದ. ಆ ತಂತಿಗೆ ನಾನು ಉಪಕಾರ ಹೇಳಲಾರೆ.

ಹೋದ ಚಳಿಗಾಲಕ್ಕೆ ಬರುತ್ತೇನೆ. ದಾಳಿಂಬೆ ಎಂದೋ ರೋಗ ಬಿದ್ದು ಹೋಗಿ, ಅಲ್ಲೀಗ ಡೇರೆಗಳು. ಬಾಗಿಲಲ್ಲಿ ಹಲಗೆ, 'ಕುರಿಗಾರರ ಊಟ' ಎಂದು. ಅದರಲ್ಲಿ ಮೊದಲ ಹೆಸರೇ ಕುರಿ ಬಾಡಿನದು. ಮಾಲೀಕ ಮಹಾಂತೇಶ, ಕೂದಲು ಅರ್ಧ ಬೆಳ್ಳಗಾಗಿದೆ. ನನ್ನ ಹೆಸರು ಕೇಳಿದ್ದೇ ತಡ, ಕೈ ಮುಗಿದು, ಕಣ್ಣಲ್ಲಿ ನೀರು ತಂದುಕೊಂಡ. "ಮಾಳವ್ವಕ್ಕ! ಖರೇನ? ಬಾ, ನಿಮ್ಮ ಆಯಿ ಕೈರುಚಿ ಹಾಂಗ ಇಟ್ಟೀನಿ ನೋಡು ಬಾ." ಸುಳ್ಳಲ್ಲ. ಬಾಯಿಗಿಟ್ಟಾಗ ಅದು ಆಯಿಯದೇ ರುಚಿ. ಬೆಳ್ಳುಳ್ಳಿ ಅಷ್ಟೇ, ಉಪ್ಪು ಅಷ್ಟೇ, ಹೊಗೆಯೂ ಅಷ್ಟೇ. ಅವನು ಮೋಸಗಾರನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಅವಳನ್ನು ನಿಜವಾಗಿಯೂ ಮರೆತಿರಲಿಲ್ಲ.

ನಮ್ಮ ಶಿಕ್ಷಕರನ್ನು ಸುತ್ತ ಕೂರಿಸಿಕೊಂಡು ಅವನು ಕಥೆ ಹೇಳಿದ. ಬಂದವರಿಗೆಲ್ಲ ಹೇಳುವ ಕಥೆ ಇರಬೇಕು, ಮಾತು ಪಳಗಿತ್ತು. "ಇಲ್ಲೇ ನೋಡ್ರಿ, ಒಬ್ಬಾಕಿ ಕುರುಬರ ಆಯಿ ಬಂದು ಒಲಿ ಹೂಡ್ತಿದ್ಲು. ನನಗ ರೊಟ್ಟಿ ಊದಿ ಊದಿ ಕೊಡ್ತಿದ್ಲು. ಕಡೀ ಸಲ ಬಂದಾಗ ಆಕೀಗೆ ನಿಲ್ಲಾಕ ಆಗ್ತಿರಲಿಲ್ಲ, ಆದರೂ ಎದ್ದು ಬಂದು ನನ್ನ ಕೈಗೆ ಕೊಟ್ಟಳ್ರಿ. ಅಂಥಾ ಜೀವ."

"ಆಮ್ಯಾಲ ಯಾಕ ಬರಲಿಲ್ರಿ?" ಎಂದು ನಮ್ಮ ಗಣಿತದ ಮೇಡಂ ಕೇಳಿದರು.

"ವಯಸ್ಸಾತು ಆಕೀಗೆ" ಅಂದ ಮಹಾಂತೇಶ.

"ತಂತಿ ಹಾಕಿದ್ರಿ" ಅಂದೆ ನಾನು. "ಆ ರೊಟ್ಟಿ ತಂತಿ ಮ್ಯಾಲಿಂದ ಕೊಟ್ಟಾಳ ಮಹಾಂತೇಶ. ಆಕಿ ಸೆರಗು ಹರೀತು. ಅದನ್ನೂ ಹೇಳು."

 ಅವನು ನನ್ನನ್ನು ನೋಡಿದ, ಬನ್ನಿ ಮರದ ಕಡೆ ನೋಡಿದ. ಹುಡುಕುತ್ತಿದ್ದ, ಪಾಪ, ನಿಜವಾಗಿಯೂ ಹುಡುಕುತ್ತಿದ್ದ. "ತಂತಿ ಇತ್ತೇನಕ್ಕ?" ಅಂದ. "ನನಗ ರೊಟ್ಟಿ ಅಷ್ಟ ನೆನಪೈತಿ."

ಊಟ ಮುಗಿದು ಎಲ್ಲರೂ ಫೋಟೋ ತೆಗೆಸಿಕೊಳ್ಳಲು ಬಂಡೆಯ ಕಡೆ ಹೋದರು. ನಾನು ಒಲೆಯ ಹತ್ತಿರ ಹೋದೆ. ಕೆಂಡ ಬೂದಿಯಾಗುತ್ತಿತ್ತು. ಮೂರೂ ಕೆಂಪು ಕಲ್ಲು, ಮರದ ಹತ್ತಿರವೇ ಸಿಕ್ಕವು ಎಂದು ಅವನೇ ಹೇಳಿದ್ದ. ಬಗ್ಗಿ ಒಂದಕ್ಕೆ ಕೈ ಹಾಕಿ ಎಳೆದೆ. ಬರಲಿಲ್ಲ. ಎರಡೂ ಕೈಯಿಂದ ಎಳೆದೆ.

"ಅಲಗ್ಯಾಡೂದಿಲ್ಲಕ್ಕ" ಅಂದ ಮಹಾಂತೇಶ ಹಿಂದಿನಿಂದ, ಹೆಮ್ಮೆಯಿಂದಲೇ. "ಬುಡಕ್ಕ ಸಿಮೆಂಟ್ ಹಾಕಿಸೀನಿ. ಇನ್ನ ಯಾರಿಗೂ ಕೀಳಾಕ ಆಗೂದಿಲ್ಲ."

ಕೈಯಲ್ಲಿ ಮಸಿ ಹತ್ತಿತ್ತು. ಅದನ್ನು ತೊಳೆಯದೆ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಬಸ್ಸು ತಿರುಗುವಾಗ ಡೇರೆಗಳ ನಡುವೆ ಒಲೆ ಇನ್ನೊಮ್ಮೆ ಕಂಡಿತು. ಬೆಂಕಿ ಪೂರ್ತಿ ಆರಿತ್ತು, ಹತ್ತಿರ ಯಾರೂ ಇರಲಿಲ್ಲ, ಮೂರೂ ಕಲ್ಲು ಬಾಯಿ ತೆರೆದುಕೊಂಡು ನಿಂತಿದ್ದವು.