ಆಯುಧ ಕೋಣೆಯ ಬೀಗ

ಬೀಗ ರಿಪೇರಿಯವನ ಮಗಳು ಸೈನ್ಯಕ್ಕೆ ಅರ್ಜಿ ಹಾಕಿದಾಗ ಬೀದಿಗೆ ಬೀದಿಯೇ ನಕ್ಕಿತು. ಅಪ್ಪ ಒಂದು ಕಾಲಕ್ಕೆ ಕಂಡವರ ಮನೆಯ ಬೀಗ ಮುರಿದು ಎರಡು ವರ್ಷ ಜೈಲೂಟ ಉಂಡು ಬಂದವನು. "ಕಳ್ಳನ ಮಗಳ ಕೈಗೆ ಯಾರಾದ್ರೂ ಬಂದೂಕು ಕೊಡ್ತಾರಾ?" ಎಂದು ಪಕ್ಕದ ಇಸ್ತ್ರಿ ಅಂಗಡಿಯವನು ಹಲ್ಲು ಕಿರಿದ.

ಅವಳು ಅರ್ಜಿಯಲ್ಲಿ ಅಪ್ಪನ ಜೈಲುವಾಸವನ್ನೂ ಬರೆದಿದ್ದಳು. "ಇದನ್ನ್ಯಾಕಮ್ಮ ಬರೆದೆ?" ಎಂದು ಅಧಿಕಾರಿ ಕೇಳಿದರು.

"ನಾಳೆ ಇನ್ಯಾರೋ ಬಂದು ಹೇಳೋ ಬದ್ಲು ನಾನೇ ಹೇಳ್ಬಿಡೋಣ ಅಂತ, ಸಾರ್."

ಓಟದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕೆಲಸ ಸಿಕ್ಕಿತು.

ಆರು ವರ್ಷಗಳ ಮೇಲೆ ಅವಳು ತೋಳಿಗೆ ಮೂರು ಪಟ್ಟಿ ಏರಿಸಿಕೊಂಡು ರಜೆಗೆ ಬಂದಳು. ಈಗ ಆಯುಧ ಕೋಣೆಯ ಬೀಗದಕೈ ತನ್ನ ವಶದಲ್ಲೇ ಇರುತ್ತದೆ ಎಂದಳು. ಕೇಳಿದ್ದೇ ತಡ, ಅಪ್ಪ ಕೀಲಿ ಉಜ್ಜುತ್ತಿದ್ದ ಅರ ಕೆಳಗಿಟ್ಟ.

"ಎಂಥಾ ಬೀಗ ಮಗಳೇ? ಒಳಗೆ ಎಷ್ಟು ಲಿವರ್?"

"ಅದೊಂದು ಕೇಳ್ಬೇಡಪ್ಪ. ಹೇಳಲ್ಲ."

"ನಾನು ನಿಮ್ಮಪ್ಪ ಕಣೇ!"

"ಅದಕ್ಕೇ ಹೇಳಲ್ಲ."

ಅಪ್ಪ ಎದ್ದವನೇ ಚಪ್ಪಲಿಯನ್ನೂ ಮೆಟ್ಟದೆ ಇಸ್ತ್ರಿ ಅಂಗಡಿಗೆ ಹೋಗಿ, ಬೀದಿಗೆಲ್ಲ ಕೇಳುವಂತೆ ಎದೆಯುಬ್ಬಿಸಿ ಹೇಳಿದ:

"ನನಗೇ ಹೇಳ್ಲಿಲ್ಲ ಕಣಯ್ಯಾ, ನನ್ನ ಮಗಳು!"