ಪಿ ಗುಂಡಿ ಇಲ್ಲದ ವಿಮಾನ

ನನ್ನ ದೊಡ್ಡಪ್ಪನ ಹತ್ತಿರ ಒಂದು ಜೆಟ್ ವಿಮಾನ ಇದೆ. ಬಾಲದ ಹತ್ತಿರ ಎರಡು ಎಂಜಿನ್, ಒಳಗೆ ಆರು ಸೀಟು, ಒಬ್ಬನೇ ಪೈಲಟ್ ಓಡಿಸಬಹುದಾದಷ್ಟು ಪುಟ್ಟದು. ದೊಡ್ಡ ಕಂಪನಿಗಳ ಸಾಹೇಬರು ಬೆಳಿಗ್ಗೆ ಒಂದೂರಲ್ಲಿ ಮೀಟಿಂಗ್ ಮುಗಿಸಿ ಮಧ್ಯಾಹ್ನದ ಊಟಕ್ಕೆ ಇನ್ನೊಂದೂರಿಗೆ ಹಾರುತ್ತಾರಲ್ಲ, ಆ ಜಾತಿಯದು. ಅದು ನಿಂತಿರುವುದು ಅವರ ಮನೆಯ ಹಿಂಬದಿ ಕೋಣೆಯಲ್ಲಿ, ಇಸ್ತ್ರಿ ಮೇಜಿಗೂ ಬಟ್ಟೆ ಒಣಗುವ ಕಿಟಕಿಗೂ ನಡುವೆ. ಮೂರು ಪರದೆ, ಒಂದು ಕಂಪ್ಯೂಟರ್, ಗುಜರಿಯಿಂದ ಹೊತ್ತು ತಂದ ಕಾರಿನ ಸೀಟು, ಪ್ಲೈವುಡ್ಡಿಗೆ ತೂತು ಕೊರೆದು ಕೂರಿಸಿದ ನಲವತ್ತೆರಡು ಸ್ವಿಚ್ಚು. ನಗಬೇಡಿ. ನಾನೂ ಮೊದಲ ದಿನ ನಕ್ಕಿದ್ದೆ. ಎರಡನೇ ದಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಮೋಡ ದಾಟಿ ಮೇಲೆ ಬಂದಾಗ ಎದುರಿಗೆ ಬಿಸಿಲು ಬಿತ್ತು ನೋಡಿ, ಅವತ್ತಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ನಾನು ಅಲ್ಲೇ.

ದೊಡ್ಡಪ್ಪ ನಿಜವಾದ ವಿಮಾನ ಹತ್ತಿದವರೇ ಅಲ್ಲ. ಇಪ್ಪತ್ತೊಂಬತ್ತು ವರ್ಷ ಸರಕು ಯಾರ್ಡಿನಲ್ಲಿ ಕ್ರೇನ್ ಓಡಿಸಿದವರು. ಬೆಳಿಗ್ಗೆ ಏಣಿ ಹತ್ತಿ ಹತ್ತು ಮಹಡಿ ಎತ್ತರದ ಗಾಜಿನ ಗೂಡು ಸೇರಿದರೆ ಇಳಿಯುವುದು ಊಟಕ್ಕೆ, ಮತ್ತೆ ಸಂಜೆಗೆ. ಯಾರ್ಡಿನ ಬೇಲಿಯಾಚೆ ಒಂದು ಸಣ್ಣ ವಿಮಾನ ನಿಲ್ದಾಣ. ಎರಡು ಲಾರಿಗಳ ನಡುವೆ ಬಿಡುವು ಸಿಕ್ಕಾಗ ಅಲ್ಲಿ ಇಳಿಯುತ್ತಿದ್ದ ಬಿಳಿ ಜೆಟ್ಟುಗಳನ್ನು ನೋಡುತ್ತಿದ್ದರಂತೆ. ನೋಡಿ ನೋಡಿ, ಅದು ಎಲ್ಲಿ ಮೂಗು ಎತ್ತುತ್ತದೆ, ಎಲ್ಲಿ ಗಾಲಿ ನೆಲ ಮುಟ್ಟುತ್ತದೆ ಎಂಬುದು ಬಾಯಿಪಾಠ ಆಗಿತ್ತು. ನಿವೃತ್ತಿಯಾದ ತಿಂಗಳೇ ಹಿಂಬದಿ ಕೋಣೆಯಿಂದ ಹಳೇ ಟ್ರಂಕುಗಳೆಲ್ಲ ಹೊರಗೆ ಬಂದವು.

ಕ್ರೇನಿನವರಿಗೆ ಒಂದು ನೇಮ ಇದೆ. ಕೊಕ್ಕೆಯಲ್ಲಿ ಭಾರ ನೇತಾಡುತ್ತಿರುವಾಗ ಸೀಟು ಬಿಟ್ಟು ಏಳುವ ಹಾಗಿಲ್ಲ. ಏನೇ ಆಗಲಿ, ಮೊದಲು ಭಾರ ನೆಲಕ್ಕೆ, ಆಮೇಲೆ ಆಪರೇಟರ್ ನೆಲಕ್ಕೆ. ದೊಡ್ಡಪ್ಪನ ಮೂಳೆಯೊಳಗೇ ಅದು ಇಳಿದುಬಿಟ್ಟಿದೆ. ಇದರ ಬಗ್ಗೆ ದೊಡ್ಡಮ್ಮನ ಹತ್ತಿರ ಒಂದು ಕಥೆ ಇತ್ತು, ಮನೆಗೆ ಬಂದ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು.

"ಮಗಳು ಹುಟ್ಟಿದ್ಲು ಅಂತ ವಾಕಿಟಾಕೀಲಿ ಹೇಳಿದ್ರೆ ಇವರೇನಂದ್ರು ಗೊತ್ತಾ? 'ಸರಿ, ಈ ಡಬ್ಬ ಇಳಿಸಿ ಬರ್ತೀನಿ' ಅಂದ್ರು. ನಾನು ಇಲ್ಲಿ ಹೆತ್ತು ಮುಗಿಸಿದೀನಿ, ಇವರದು ಇನ್ನೂ ಗಾಳೀಲಿ ನೇತಾಡ್ತಿದೆ!"

"ಹದಿನೆಂಟು ಟನ್ ಕಂಟೇನರ್ ಕಣೇ ಅದು. ಬಿಟ್ಟು ಬರೋಕಾಗತ್ತಾ?" ಎಂದು ದೊಡ್ಡಪ್ಪ ಪ್ರತಿ ಸಲವೂ ಅದೇ ಉತ್ತರ ಕೊಡುತ್ತಿದ್ದರು.

ಜೆಟ್ ಬಂದ ಮೊದಲ ವಾರ ಬಾಗಿಲಿಗೆ ಯಾರೋ ಪಾರ್ಸೆಲ್ ತಂದರು. ಕೀಬೋರ್ಡಿನ 'ಪಿ' ಒತ್ತಿದರೆ ಹಾರಾಟ ನಿಲ್ಲುತ್ತದೆ, ಅಂದರೆ ಪಾಜ್. ದೊಡ್ಡಪ್ಪ ಒತ್ತಿದರು, ಪಾರ್ಸೆಲ್ ತಗೊಂಡು ವಾಪಸ್ ಬಂದರು. ವಿಮಾನ ಆಕಾಶದಲ್ಲಿ ಹಾಗೇ ನಿಂತಿತ್ತು, ರೆಕ್ಕೆಯ ಪಕ್ಕದ ಮೋಡವೂ ನಿಂತಿತ್ತು. ಅದನ್ನು ನೋಡಿ ಅವರ ಮುಖ ಸಪ್ಪೆಯಾಯಿತು.

"ಇದೆಂಥ ಹಾರಾಟ? ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ ಹಾಗಿದೆ," ಅಂದವರೇ ಸ್ಕ್ರೂಡ್ರೈವರ್ ತಂದು ಆ ಗುಂಡಿಯನ್ನು ಕಿತ್ತೇಬಿಟ್ಟರು.

ದೊಡ್ಡಮ್ಮ ಮುಂದಿನ ಕೋಣೆಯಲ್ಲಿ ಬಟ್ಟೆ ಆಲ್ಟರೇಷನ್ ಮಾಡುತ್ತಿದ್ದರು. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು, ಅಂಥ ಕೆಲಸ. ಕಿತ್ತ ಗುಂಡಿಯನ್ನು ಎತ್ತಿಕೊಂಡು ತಮ್ಮ ಗುಂಡಿ ಡಬ್ಬಿಗೆ ಹಾಕಿಕೊಂಡರು. "ಇರಲಿ, ಯಾವುದಾದ್ರೂ ಕೋಟಿಗೆ ಆಗತ್ತೆ," ಅಂದರು. ಹೋಗುವಾಗ ಒಂದು ಮಾತು ಸೇರಿಸಿದರು. "ಆರು ಸೀಟಲ್ಲಿ ಒಂದು ನರಪಿಳ್ಳೆ ಇಲ್ಲ. ಖಾಲಿ ಗಾಡಿಗೆ ಎಷ್ಟು ಬಿಗುಮಾನ ನೋಡು!"

ಬಾಯಲ್ಲಿ ಹಾಗೆ ಅಂದರೂ ಕಾರಿನ ಸೀಟಿಗೆ ಕವರ್ ಹೊಲಿದವರು ಅವರೇ. ಹಾರುವ ಮುಂಚೆ, ಇಳಿಯುವ ಮುಂಚೆ ಒಂದೊಂದೇ ಸ್ವಿಚ್ಚು ಪರೀಕ್ಷಿಸುವ ಪಟ್ಟಿ ಇರುತ್ತದಲ್ಲ, ಅದನ್ನು ಕನ್ನಡದಲ್ಲಿ ದುಂಡಗೆ ಬರೆದು, ಪ್ಲಾಸ್ಟಿಕ್ ಹೊದಿಸಿ ಕೊಟ್ಟವರೂ ಅವರೇ. ನಾನು ಬಂದ ಮೇಲೆ ಓದುವ ಕೆಲಸ ನನ್ನದಾಯಿತು. ನಾನು "ಬ್ಯಾಟರಿ" ಅನ್ನಬೇಕು, ದೊಡ್ಡಪ್ಪ ಆ ಸ್ವಿಚ್ಚಿನ ಮೇಲೆ ಬೆರಳಿಟ್ಟು "ಆನ್" ಅನ್ನಬೇಕು.

"ದೊಡ್ಡಪ್ಪ, ಬೆರಳು ಇಡ್ಲಿಲ್ಲ ನೀವು."

"ಕಣ್ಣಲ್ಲೇ ನೋಡಿದ್ನಲ್ಲ, ಪುಟ್ಟಿ."

"ನೀವೇ ಹೇಳಿದ್ದು, ಬಾಯಿ ಸುಳ್ಳು ಹೇಳತ್ತೆ, ಬೆರಳು ಹೇಳಲ್ಲ ಅಂತ."

"ನನ್ನ ಮಾತು ನನಗೇ ತಿರುಗಿಸ್ತೀಯಾ?" ಎಂದು ಬೈದುಕೊಂಡೇ ಬೆರಳು ಇಡುತ್ತಿದ್ದರು. ಎಂಥ ಚಂದದ ಭಾನುವಾರಗಳು!

ಅದು ನಡೆದದ್ದು ಹೋದ ವರ್ಷ ಒಂದು ಮಂಗಳವಾರ, ಬೆಳಿಗ್ಗೆ. ನಾನು ಇರಲಿಲ್ಲ. ಆಮೇಲೆ ತಿಳಿದದ್ದನ್ನು ಹೇಳುತ್ತೇನೆ.

ದೊಡ್ಡಪ್ಪ ನಲವತ್ತು ಸಾವಿರ ಅಡಿಯಿಂದ ಇಳಿದು ಬಂದಿದ್ದರು. ರನ್‌ವೇ ಇನ್ನೂ ಮೂವತ್ತು ಮೈಲಿ ದೂರ. ಮುಂದಿನ ಕೋಣೆಯಿಂದ ದೊಡ್ಡಮ್ಮ ಕರೆದರು, "ರೀ, ಸ್ವಲ್ಪ ಬನ್ನಿ."

"ಇಳಿಸ್ತಾ ಇದೀನಿ, ಬಂದೆ," ಅಂದರು ದೊಡ್ಡಪ್ಪ.

ಇನ್ನೊಮ್ಮೆ "ರೀ" ಅಂತ ಕೇಳಿಸಿತು, ಸ್ವಲ್ಪ ಸಣ್ಣಗೆ. ಆಮೇಲೆ ಹೊಲಿಗೆ ಯಂತ್ರದ ಸದ್ದೂ ನಿಂತಿತು. ಜಿಪ್ ಸಿಕ್ಕಿಹಾಕಿಕೊಂಡಿರಬೇಕು ಅಂದುಕೊಂಡರು. ಗಾಲಿ ಇಳಿಸಿದರು, ಮೂರೂ ಇಳಿದವು ಎಂದು ತೋರಿಸುವ ಮೂರು ಹಸಿರು ದೀಪ ನೋಡಿದರು, ನೆಲ ಮುಟ್ಟಿಸಿದರು, ರನ್‌ವೇ ಬಿಟ್ಟು ಪಕ್ಕಕ್ಕೆ ತಂದು ಬ್ರೇಕ್ ಹಾಕಿದರು. ಆಮೇಲೆ ಎದ್ದರು. ದೊಡ್ಡಮ್ಮ ಯಂತ್ರಕ್ಕೆ ಒರಗಿದ್ದರು. ಬಲಗೈ ತೊಡೆಯ ಮೇಲೆ ಬಟ್ಟೆಯ ತುಂಡಿನ ಹಾಗೆ ಬಿದ್ದಿತ್ತು, ಬಾಯಿ ಒಂದು ಕಡೆ ಜಾರಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಯಾವಾಗ ಶುರುವಾಯಿತು ಅಂತ. ಸ್ಟ್ರೋಕಿಗೆ ಕೊಡುವ ಇಂಜೆಕ್ಷನ್ನಿಗೆ ಆ ಸಮಯ ಬೇಕೇ ಬೇಕಂತೆ.

"ಹತ್ತು ಮೂವತ್ತೊಂದು," ಅಂದರು ದೊಡ್ಡಪ್ಪ.

"ಇಷ್ಟು ಸರಿಯಾಗಿ ಯಾರೂ ಹೇಳಲ್ಲ. ಬಹಳ ಉಪಕಾರ ಮಾಡಿದ್ರಿ," ಎಂದು ಡಾಕ್ಟರ್ ಬೆನ್ನು ತಟ್ಟಿದರು. ನಾವೆಲ್ಲ ಹೊಗಳಿದೆವು. ನಾನಂತೂ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ, ನಮ್ಮ ದೊಡ್ಡಪ್ಪ ಪೈಲಟ್ ತರಹ ಟೈಮ್ ನೋಡಿಟ್ಟುಕೊಂಡಿದ್ದರು, ಅದಕ್ಕೇ ದೊಡ್ಡಮ್ಮ ಬದುಕಿದರು ಅಂತ. ಅವರು ಗೋಡೆ ನೋಡುತ್ತಾ ಕೂತಿದ್ದರು.

ದೊಡ್ಡಮ್ಮ ಹದಿನಾರು ದಿನಕ್ಕೆ ಮನೆಗೆ ಬಂದರು. ಕಾಲು ಬಂತು, ಗೋಡೆ ಹಿಡಿದು ನಡೆಯುತ್ತಿದ್ದರು. ಬಲಗೈಯಲ್ಲಿ ಸೂಜಿ ನಿಲ್ಲಲಿಲ್ಲ. ಮಾತು ಹೋಗಿತ್ತು. ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ಹೇಳಬೇಕಾದ್ದೂ ಕಣ್ಣಲ್ಲಿ ಕಾಣುತ್ತದೆ, ಶಬ್ದ ಮಾತ್ರ ಹೊರಗೆ ಬರುವುದಿಲ್ಲ. "ಅದು... ಅದು..." ಅಂದು ಸುಮ್ಮನಾಗುತ್ತಿದ್ದರು. ಮನೆಗೆ ಬಂದವರಿಗೆಲ್ಲ ಡಬ್ಬ ಇಳಿಸಿದ ಕಥೆ ಹೇಳುತ್ತಿದ್ದ ಬಾಯಿ ಅದು! ಏನಾದರೂ ಬೇಕಾದರೆ ಎಡಗೈಯಲ್ಲಿ ಚಮಚ ತಗೊಂಡು ತಟ್ಟೆಗೆ ಬಡಿಯುತ್ತಿದ್ದರು. ದೊಡ್ಡಪ್ಪ ಬಚ್ಚಲಿನಿಂದ ಮೈತುಂಬ ಸೋಪು ಮೆತ್ತಿಕೊಂಡು ಓಡಿ ಬಂದದ್ದನ್ನು ನಾನೇ ನೋಡಿದ್ದೇನೆ.

ಜೆಟ್ಟಿಗೆ ಮಂಚದ ಹೊದಿಕೆ ಬಿತ್ತು. ಎರಡು ತಿಂಗಳು ಕಾದು, ಒಂದು ಭಾನುವಾರ ನಾನೇ ಆ ಹೊದಿಕೆಯ ಅಂಚು ಎತ್ತಿದೆ.

"ಮುಚ್ಚು," ಅಂದರು ದೊಡ್ಡಪ್ಪ. ಅವರು ನನ್ನನ್ನು ಗದರಿದ್ದು ಅದೊಂದೇ ಸಲ. ಆಮೇಲೆ ಇಸ್ತ್ರಿ ಮೇಜಿಗೆ ಒರಗಿ, ಮುಂದಿನ ಕೋಣೆಗೆ ಕೇಳಿಸದ ಹಾಗೆ, ಮಂಗಳವಾರದ ಕಥೆ ಪೂರ್ತಿ ಹೇಳಿದರು.

"ಅವಳು ಕರೆದದ್ದು ಹತ್ತು ಮೂವತ್ತೊಂದಕ್ಕೆ. ನಾನು ಎದ್ದದ್ದು ಹತ್ತು ನಲವತ್ತೆರಡಕ್ಕೆ. ಎರಡು ಹೊತ್ತೂ ಪರದೆಯ ಗಡಿಯಾರದಲ್ಲಿತ್ತು, ಅದಕ್ಕೇ ಗೊತ್ತು. ಹನ್ನೊಂದು ನಿಮಿಷ, ಪುಟ್ಟಿ. ಆಟೋಪೈಲಟ್ ಬೇರೆ ಹಾಕಿತ್ತು. ಎದ್ದು ಹೋಗಿದ್ರೆ ಅದರ ಪಾಡಿಗೆ ಅದು ಹಾರ್ತಾ ಇರ್ತಿತ್ತು. ಬಿದ್ದಿದ್ರೆ ತಾನೆ ಏನು? ಒಂದು ಗ್ರಾಂ ಭಾರ ಇರ್ಲಿಲ್ಲ ಅದರಲ್ಲಿ."

"ಡಾಕ್ಟರಿಗೆ ಹೇಳಿದ್ರಾ?"

"ಎಲ್ಲರೂ ಹೊರಗೆ ಹೋದ ಮೇಲೆ ಹೇಳಿದೆ. ಹನ್ನೊಂದು ನಿಮಿಷ ಮುಂಚೆ ಬಂದಿದ್ರೆ ಮಾತು ಉಳೀತಿತ್ತಾ ಅಂತ ಕೇಳ್ದೆ. ಹಾಗೆಲ್ಲ ಹೇಳೋಕಾಗಲ್ಲ ಅಂದ್ರು."

"ದೊಡ್ಡಮ್ಮಂಗೆ ಗೊತ್ತಾ?"

"ಕೇಳೋಕೆ ನನಗೆ ಧೈರ್ಯ ಇಲ್ಲ. ಬಯ್ಯೋಕೆ ಅವಳಿಗೆ ಮಾತಿಲ್ಲ."

ನಾನು ಹೊದಿಕೆಯನ್ನು ಮೊದಲಿದ್ದ ಹಾಗೆ ಎಳೆದು ಮುಚ್ಚಿದೆ.

ಮಾತು ಕಲಿಸಲು ವಾರಕ್ಕೆರಡು ಸಲ ಒಬ್ಬರು ಮೇಡಂ ಬರುತ್ತಿದ್ದರು. ಬೆಕ್ಕು, ಮರ, ಲೋಟ ಅಂತ ಚಿತ್ರದ ಕಾರ್ಡು ತೋರಿಸಿ ಹೇಳಿಸುತ್ತಿದ್ದರು. ದೊಡ್ಡಮ್ಮನಿಗೆ ಅದು ಒಗ್ಗಲಿಲ್ಲ. ಒಂದು ದಿನ ಬೆಕ್ಕಿನ ಕಾರ್ಡನ್ನು ಎಡಗೈಯಲ್ಲಿ ನೆಲಕ್ಕೆ ತಳ್ಳಿ, ಎದ್ದು, ಗೋಡೆ ಹಿಡಿದುಕೊಂಡು ಹಿಂಬದಿ ಕೋಣೆಗೆ ಹೋದರು. ಹೊದಿಕೆಯ ಕೆಳಗೆ ಕೈ ಹಾಕಿ ತಡಕಾಡಿ ಪಟ್ಟಿಯನ್ನು ಎಳೆದರು. ತಮ್ಮದೇ ದುಂಡು ಅಕ್ಷರ. ಸ್ಟೂಲಿನ ಮೇಲೆ ಕೂತು ತುಟಿ ಕೂಡಿಸಿದರು.

"ಬ್ಯಾ... ಬ್ಯಾ..."

ದೊಡ್ಡಪ್ಪ ಬಾಗಿಲಲ್ಲೇ ನಿಂತಿದ್ದರು. ಮೇಡಂ ಕಣ್ಸನ್ನೆ ಮಾಡಿದರು.

"ಬ್ಯಾಟ್ರಿ," ಅಂದರು ದೊಡ್ಡಮ್ಮ.

ಉತ್ತರ ಕೊಡಲೇಬೇಕಲ್ಲ. ದೊಡ್ಡಪ್ಪ ಬಂದು ಹೊದಿಕೆ ಸರಿಸಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು "ಆನ್" ಅಂದರು.

ಅವತ್ತಿನಿಂದ ದಿನಾ ಒಂದು ಗಂಟೆ ಅದೇ. ಗಾಲಿ ಇಳಿಸುವ "ಗೇರ್" ಬರಲು ಒಂದು ವಾರ ಹಿಡಿಯಿತು. ರೆಕ್ಕೆಯ ಹಿಂಬದಿ ಅಂಚು ಇಳಿಸುವ "ಫ್ಲಾಪ್" ಎಂಬುದು ಬರಲೇ ಇಲ್ಲ. ಆ ಸಾಲು ಬಂದಾಗ ದೊಡ್ಡಪ್ಪನ ಮೊಣಕೈಗೆ ಒಂದು ಗುದ್ದು ಕೊಟ್ಟು ಮುಂದಕ್ಕೆ ಹೋಗುತ್ತಿದ್ದರು. ನಾನು ಹಿಂದೆ ನಿಂತು ಕೇಳುತ್ತಿದ್ದೆ. ಸ್ಟೂಲು ನನ್ನದಲ್ಲ ಅಂತ ಬೇಜಾರೇನೂ ಆಗಲಿಲ್ಲ, ದೇವರಾಣೆ. ಆದರೆ ದೊಡ್ಡಪ್ಪ ನೆಲ ಬಿಟ್ಟು ಏಳುತ್ತಿರಲಿಲ್ಲ. ಎಂಜಿನ್ ಶುರು ಮಾಡಿ, ಪಟ್ಟಿ ಮುಗಿಸಿ, ಎಲ್ಲ ಆರಿಸಿಬಿಡುತ್ತಿದ್ದರು. ಏಳನೇ ತಿಂಗಳಲ್ಲಿ ಒಂದು ದಿನ ದೊಡ್ಡಮ್ಮ ಪಟ್ಟಿಯನ್ನು ಮಡಿಲಲ್ಲಿಟ್ಟು, ಪರದೆಯ ಮೇಲಿನ ರನ್‌ವೇ ಕಡೆ ಗಲ್ಲ ಎತ್ತಿದರು.

"ಬೇಡ ಕಣೇ."

"ಹೋ... ಗಿ," ಅಂದರು. ಅದು ಪಟ್ಟಿಯಲ್ಲಿಲ್ಲದ ಮೊದಲ ಮಾತು. ಹೋಗದೆ ಇರಲು ಯಾರಿಂದ ಸಾಧ್ಯ?

ಹೀಗೆ ಮತ್ತೆ ಭಾನುವಾರಗಳು ಶುರುವಾದವು. "ಫ್ಲಾಪ್" ಒಂದನ್ನು ಬಿಟ್ಟು ಪಟ್ಟಿಯ ಮಾತುಗಳೆಲ್ಲ ಒಂದೊಂದಾಗಿ ಬಂದವು, "ನೀರು" ಬಂತು, "ಸಾಕು" ಬಂತು. ಗಂಡನನ್ನು ಕರೆಯುವುದು ಮಾತ್ರ ಚಮಚದಲ್ಲೇ.

ಒಂಬತ್ತನೇ ತಿಂಗಳ ಒಂದು ಭಾನುವಾರ. ದೊಡ್ಡಮ್ಮ ಇಳಿಯುವ ಮುಂಚಿನ ಪಟ್ಟಿ ಓದಿ ಮುಗಿಸಿ, ಎದ್ದು ಮುಂದಿನ ಕೋಣೆಗೆ ಹೋದರು. ನಾನು ಸ್ಟೂಲಿಗೆ ಬಂದೆ. ಗಾಲಿ ಇಳಿದಿತ್ತು, ಮೂರು ಹಸಿರು ದೀಪ ಉರಿಯುತ್ತಿತ್ತು. ದೊಡ್ಡಪ್ಪ ಆಟೋಪೈಲಟ್ ತೆಗೆದು ಕೈಯಲ್ಲೇ ಹಿಡಿದಿದ್ದರು. ರನ್‌ವೇ ಎದುರಿಗೆ ಅಗಲವಾಗುತ್ತಾ ಬರುತ್ತಿತ್ತು. ಕಂಪ್ಯೂಟರಿನ ದನಿ "ಫೈವ್ ಹಂಡ್ರೆಡ್" ಅಂದಿತು. ಇನ್ನು ಐನೂರು ಅಡಿ, ಅಂದರೆ ಅರೆಗಳಿಗೆಯಲ್ಲಿ ನೆಲ.

"ರೀ."

ಅಷ್ಟೇ, ಒಂದೇ ಒಂದು ಸಲ.

ದೊಡ್ಡಪ್ಪ ಕೈ ಬಿಟ್ಟರು. ಹೆಡ್‌ಫೋನಿನ ವೈರು ಎಳೆದುಕೊಂಡೇ ಓಡಿದರು, ಕೀಬೋರ್ಡು ನೆಲಕ್ಕೆ ಬಿತ್ತು. ವಿಮಾನ ಎಡಕ್ಕೆ ವಾಲಿತು. ಕಂಪ್ಯೂಟರಿನ ದನಿ "ಪುಲ್ ಅಪ್, ಪುಲ್ ಅಪ್", ಮೂಗು ಮೇಲೆತ್ತು ಎಂದು ಅರಚುತ್ತಿತ್ತು. ಬೇಲಿ, ಹುಲ್ಲು, ಮಣ್ಣು ಬಂದವು. ಪರದೆ ಕೆಂಪಾಗಿ ನಿಂತಿತು. ನಾನೂ ಎದ್ದು ಓಡಿದೆ.

ದೊಡ್ಡಮ್ಮ ಹೊಲಿಗೆ ಯಂತ್ರದ ಮುಂದೆ ನೆಟ್ಟಗೆ ಕೂತಿದ್ದರು. ಬಾಯಿ ಜಾರಿರಲಿಲ್ಲ. ಕಣ್ಣು ಗೋಡೆ ಗಡಿಯಾರದ ಮೇಲಿತ್ತು.

"ಏನಾಯ್ತು? ಏನಾಯ್ತೇ?" ದೊಡ್ಡಪ್ಪನ ಉಸಿರು ಸಿಗುತ್ತಿರಲಿಲ್ಲ.

"ಏ... ನಿಲ್ಲ." ಒಂದೊಂದೇ ಶಬ್ದವನ್ನು ಹುಡುಕಿ ತರುತ್ತಿದ್ದರು. "ಬರ್ತೀ... ರಾ... ಅಂತ. ನೋಡ್ದೆ."

ದೊಡ್ಡಪ್ಪ ನೆಲದ ಮೇಲೆ ಕುಸಿದು ಕೂತರು. ಯಂತ್ರದ ಮರದ ಅಂಚಿಗೆ ಹಣೆ ಒತ್ತಿಕೊಂಡರು. "ಅವತ್ತು ನನಗೆ ಕೇಳಿಸಿತ್ತು ಕಣೇ. ಎರಡು ಸಲವೂ ಕೇಳಿಸಿತ್ತು."

"ಗೊತ್ತು."

ದೊಡ್ಡಮ್ಮನ ಎಡಗೈ ಅವರ ತಲೆಯ ಮೇಲಿತ್ತೋ, ಪಕ್ಕದಲ್ಲಿತ್ತೋ, ನನಗೆ ಕಣ್ಣು ಮಂಜಾಗಿ ಸರಿಯಾಗಿ ಕಾಣಲಿಲ್ಲ.

"ವಿ... ಮಾನ?" ಎಂದು ಕೇಳಿದರು ದೊಡ್ಡಮ್ಮ.

"ಬಿತ್ತು."

"ಜನ?"

"ಯಾರೂ ಇರ್ಲಿಲ್ಲ. ಖಾಲಿ."

"ಖಾಲಿ," ಅಂದರು ದೊಡ್ಡಮ್ಮ. ಆ ಪದ ಒಂದೇ ಏಟಿಗೆ, ಎಲ್ಲೂ ತಡವರಿಸದೆ, ಹಳೇ ದೊಡ್ಡಮ್ಮ ಅಂದ ಹಾಗೇ ಬಂತು. ಎಡಗೈಯಲ್ಲಿ ಗುಂಡಿ ಡಬ್ಬಿ ಎಳೆದುಕೊಂಡು, ಅಂಗಿ ಗುಂಡಿ, ಕೋಟಿನ ಗುಂಡಿ ಎಲ್ಲ ಕೆದಕಿ, ಕಪ್ಪಗಿನ ಚೌಕದ್ದೊಂದನ್ನು ತೆಗೆದು ದೊಡ್ಡಪ್ಪನ ಅಂಗೈಯಲ್ಲಿಟ್ಟರು.

ಈಗಲೂ ದೊಡ್ಡಮ್ಮನ ಬಲಗೈಯಲ್ಲಿ ಸೂಜಿ ನಿಲ್ಲುವುದಿಲ್ಲ. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಹಣೆಯ ಮೇಲೆ ಬೆವರು ಬರುತ್ತದೆ. ಆ ಹನ್ನೊಂದು ನಿಮಿಷದ ಬಗ್ಗೆ ದೊಡ್ಡಪ್ಪ ಮತ್ತೆ ಮಾತಾಡಿಲ್ಲ, ನಾನೂ ಕೇಳಿಲ್ಲ. ಕಿತ್ತಾಗ ಒಂದು ಕಾಲು ಮುರಿದಿದ್ದರಿಂದ ಆ ಗುಂಡಿ ಕೀಬೋರ್ಡಿನಲ್ಲಿ ಸ್ವಲ್ಪ ಸೊಟ್ಟ ಕೂತಿದೆ. ಪಟ್ಟಿಯ ತಲೆಯಲ್ಲಿ, ಬ್ಯಾಟರಿಗಿಂತಲೂ ಮೇಲೆ, ಎಡಗೈಯಲ್ಲಿ ಬರೆದ ಅಂಕುಡೊಂಕು ಅಕ್ಷರದಲ್ಲಿ ಒಂದು ಹೊಸ ಸಾಲು ಸೇರಿದೆ. ಅದನ್ನು ಓದುವವರು ದೊಡ್ಡಮ್ಮನೇ, ನನಗೆ ಬಿಡುವುದಿಲ್ಲ.

"ಪಿ... ಗುಂಡಿ."

ದೊಡ್ಡಪ್ಪ ಬೆರಳಿಟ್ಟು ಹೇಳುತ್ತಾರೆ, "ಇದೆ."